ತೊಂಬತ್ತೆರಡನೇ ಪುಟದ ಕಲ್ಲು

ಪೀಣ್ಯ, ಮಾರ್ಚ್ ೧೯೮೩

ಅಪ್ಪ,

ಇವತ್ತು ರುದ್ರಯ್ಯ ಮೇಷ್ಟ್ರು ಬಂದಿದ್ದರು. ನಮ್ಮ ಹೊಲದ ವೀರಗಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಮಸಿ ಬಡಿದು ಅಕ್ಷರ ಎತ್ತಿಕೊಂಡು ಹೋದರಲ್ಲ, ಅವರೇ. ಅವರ ಶಾಸನಗಳ ಪುಸ್ತಕವನ್ನು ವಿಶ್ವವಿದ್ಯಾನಿಲಯದವರು ಈಗ ಅಚ್ಚು ಹಾಕಿದ್ದಾರೆ. ನಿನಗೆಂದು ಒಂದು ಪ್ರತಿ ತಂದಿದ್ದರು. ನೀನು ಹೋಗಿ ನಾಲ್ಕು ವರ್ಷವಾಯಿತೆಂದು ನಾನೇ ಹೇಳಬೇಕಾಯಿತು.

ತೊಂಬತ್ತೆರಡನೇ ಪುಟದಲ್ಲಿ ನಿನ್ನ ಹೆಸರಿದೆ. ‘ಹೊಲದ ಒಡೆಯರಾದ ಆವಲಪ್ಪನವರು ಕಲ್ಲನ್ನು ಜೋಪಾನವಾಗಿ ಕಾಪಾಡಿದ್ದಾರೆ’ ಎಂದು ಬರೆದಿದ್ದಾರೆ.

ಹೊಲದಲ್ಲಿ ಈಗ ಕಾರ್ಖಾನೆಯಿದೆ. ನಾನು ಅಲ್ಲೇ ಲೇತ್ ಮೇಲೆ ಕೆಲಸ ಮಾಡುತ್ತೇನೆ. ಶೆಡ್ ಕಟ್ಟುವಾಗ ಮೇಸ್ತ್ರಿ ಬಾಗಿಲ ಮೆಟ್ಟಿಲಿಗೊಂದು ಚಪ್ಪಡಿ ಬೇಕೆಂದ. ನಮ್ಮ ವೀರಗಲ್ಲನ್ನು ತೋರಿಸಿದವನು ನಾನು. ಕೆತ್ತಿದ ಮುಖ ಮಣ್ಣಿನೊಳಗಿದೆ. ಎಲ್ಲರೂ ಅದನ್ನು ತುಳಿದೇ ಒಳಗೆ ಹೋಗುತ್ತಾರೆ, ನಾನೊಬ್ಬ ದಾಟಿ ಕಾಲಿಡುತ್ತೇನೆ. ಮಂಡಿನೋವಾ ಎಂದು ಕೇಳುತ್ತಾರೆ. ಹೌದು ಅನ್ನುತ್ತೇನೆ.

ಮೇಷ್ಟ್ರು ಶೆಡ್ಡಿನ ಬಾಗಿಲಲ್ಲಿ ನಿಂತು ಸುತ್ತ ನೋಡಿದರು. “ಇಲ್ಲೇ ಎಲ್ಲೋ ಇತ್ತಲ್ವೇನಪ್ಪಾ ಕಲ್ಲು? ಇನ್ನೊಂದ್ಸಲ ನೋಡ್ಬೇಕಿತ್ತು.”

“ನಂಗೊತ್ತಿಲ್ಲ ಸಾರ್. ಅಪ್ಪಂಗೆ ಗೊತ್ತಿತ್ತು,” ಅಂದೆ.

ಅವರು ಹಳೇ ನೆನಪಿಗೋ ಏನೋ, ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿದರು.

“ನಿಮ್ಮಪ್ಪ ಕಲ್ಲಿನ ಹತ್ರ ಯಾರಿಗೂ ಚಪ್ಪಲಿ ಹಾಕ್ಕೊಳಕ್ಕೆ ಬಿಡ್ತಿರ್ಲಿಲ್ಲ ಕಣಪ್ಪಾ,” ಅಂದರು.

ಬರಿಗಾಲಲ್ಲಿ ಅವರು ನಿಂತಿದ್ದು ಅದರ ಮೇಲೆಯೇ.