ಬೋಲ್ಟ್, ಲಿವರ್ ಮತ್ತು ಆರು ವಾರ

ಕಲ್ವರ್ ಸಿಟಿ
ಸೋಮವಾರ, 17 ನವೆಂಬರ್ 2025

ಪ್ರೀತಿಯ ಮಗಳು ಶ್ರೀಜಾ,

ಹೇಗಿದ್ದೀ? ಗುಡ್ಡದಲ್ಲಿ ಉಳುಕಿದ ಕಾಲು ಸರಿಯಾಯಿತೇ? ಟೊರ್ರಿ ಪೈನ್ಸಿನ ಲ್ಯಾಬಿಗೆ ಮತ್ತೆ ನೀನೇ ಡ್ರೈವ್ ಮಾಡಿಕೊಂಡು ಹೋಗುತ್ತಿರುವೆ ಎಂದು ಅಮ್ಮ ಹೇಳಿದಳು. ಎರಡು ವರ್ಷದಿಂದ ನಿನ್ನ ಸಂಗತಿಯೆಲ್ಲ ನನಗೆ ಅವಳ ಬಾಯಿಂದಲೇ ತಿಳಿಯಬೇಕು. ನನ್ನ ಬಲಭುಜ ಇನ್ನೂ ಪೂರ್ತಿ ಮೇಲೇಳುವುದಿಲ್ಲ, ಉಳಿದಂತೆ ಆರೋಗ್ಯ. ಬುಧವಾರ ಅವಳು ಪೆನಾಸ್ಕಿಟೋಸಿನ ನಿನ್ನ ಮನೆಗೆ ಬರುವಾಗ ಈ ಪತ್ರ ಕೊಟ್ಟು ಕಳುಹಿಸುತ್ತೇನೆ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನಿನಗೆ ಕನ್ನಡ ಓದಲು ಕಷ್ಟವಾದರೆ ಅವಳೇ ಓದಿ ಹೇಳುತ್ತಾಳೆ. ನೀನೇ ಓದಿದರೆ ನನಗೆ ಸಮಾಧಾನ.

ಎರಡು ವರ್ಷದ ಹಿಂದೆ, ನೀನು ಮೊದಲ ಜಿಂಕೆ ಹೊಡೆದ ವಾರ ನಾನು ನಿನ್ನ ಮನೆಗೆ ಬಂದಿದ್ದೆ. ನೀನು ಕೊಟ್ಟ ಕಾಫಿ ಮುಟ್ಟದೆ, ಇಂಥ ಅಡಿಗೆಮನೆಯಲ್ಲಿ ನನಗೆ ನೀರೂ ಇಳಿಯುವುದಿಲ್ಲ ಎಂದು ಎದ್ದು ಹೊರಟೆ. ನೀನು ಹೇಳಿದ್ದು ಒಂದೇ ಮಾತು, 'ಓಕೆ.' ಆಮೇಲೆ ನಿನ್ನ ಧ್ವನಿ ಕೇಳಿಲ್ಲ. ಅಕ್ಟೋಬರ್ ಮೊದಲ ವಾರ ಅಮ್ಮ ನಿನ್ನ ಮಾತನ್ನು ಹಾಗೇ ತಂದು ಒಪ್ಪಿಸಿದಳು: 'ಒನ್ ಡೇ. ಅಪ್ಪ ಒಂದು ದಿನ ನನ್ನ ಜೊತೆ ಬೇಟೆಗೆ ಬರಲಿ, ದೆನ್ ವಿ ಟಾಕ್.' ಡಿಸೆಂಬರಿನಲ್ಲಿ ನೀನು ದೂರದ ಮೊಂಟಾನಾಕ್ಕೆ ಮನೆ ಬದಲಿಸಿಕೊಂಡು ಹೋಗುತ್ತೀ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದಳು. ಅಲ್ಲಿಗೆ ಹೋದವಳನ್ನು ನಾನು ಯಾವ ನೆಪದಲ್ಲಿ ಹುಡುಕಿಕೊಂಡು ಬರಲಿ?

ಹೋಗುವುದಾದರೆ ಸರಿಯಾಗಿ ತಯಾರಾಗಿ ಹೋಗಬೇಕು ಎಂದುಕೊಂಡೆ. ಬೇಟೆಯ ಸುರಕ್ಷತೆಯ ಕೋರ್ಸ್ ಮಾಡಿ ಪಾಸಾದೆ. ಆಮೇಲೆ ಯಾವ ರೈಫಲ್ ಎಂದು ಲೆನೊವೊ ಲ್ಯಾಪ್‌ಟಾಪಿನಲ್ಲಿ ಒಂದು ಸ್ಪ್ರೆಡ್‌ಶೀಟ್ ತೆರೆದೆ. ಬೋಲ್ಟ್ ಆಕ್ಷನ್ ಆದರೆ ಪ್ರತಿ ಗುಂಡಿನ ನಂತರ ಹಿಡಿಕೆ ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಬೇಕು; ಸರಳ, ದೂರಕ್ಕೂ ನಂಬಬಹುದು, ಆದರೆ ನನ್ನ ಭುಜ ಕೇಳಬೇಕಲ್ಲ. ಲಿವರ್ ಆಕ್ಷನ್‌ನದು ಕೈಯ ಕೆಳಗೆ ಬಳೆಯಂಥ ಹಿಡಿಕೆ, ಕೆಳಗೆ ತಳ್ಳಿ ಮೇಲೆಳೆದರೆ ಸಾಕು. ಪೊದೆಗಳ ನಡುವೆ ಹಗುರ, ದೂರದ ಜಿಂಕೆಗೆ ಅಷ್ಟಕ್ಕಷ್ಟೆ. ಸೆಮಿ ಆಟೋಮ್ಯಾಟಿಕ್ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುತ್ತದೆ, ಭುಜಕ್ಕೆ ಒದೆತ ಕಡಿಮೆ. ಆದರೆ ತೂಕ ಹೆಚ್ಚು, ಈ ರಾಜ್ಯದಲ್ಲಿ ನಿಯಮಗಳೂ ಹೆಚ್ಚು. ಎರಡನೆಯ ಗುಂಡು ಅಷ್ಟು ಸಲೀಸಾಗಿ ಬರುವುದೂ ನನಗೆ ಭಯ. ನಲವತ್ತೊಂದು ಸಾಲು ತುಂಬಿದೆ. ಅಮ್ಮ ನಗುತ್ತಿದ್ದಳು, 'ಒಂದು ಗ್ರೈಂಡರ್ ತೆಗೆದುಕೊಳ್ಳಲಿಕ್ಕೆ ಎಂಟು ತಿಂಗಳು ಮಾಡಿದವರು ನೀವು ಮಾರಾಯ್ರೆ.' ದಿನ ಓಡುತ್ತಿದೆ ಎಂದು ಕಳೆದ ವಾರದಿಂದ ಅವಳು ನಗುತ್ತಿಲ್ಲ.

ಒಂದು ಕಾಲಮ್ ಮಾತ್ರ ಖಾಲಿ ಉಳಿಯಿತು: ಮೊದಲ ಗುಂಡು ಸರಿಯಾಗಿ ತಾಗದಿದ್ದರೆ ಪ್ರಾಣಿ ಎಷ್ಟು ಹೊತ್ತು ಒದ್ದಾಡುತ್ತದೆ. ಮೂರು ದಿನ ಅದರ ಮುಂದೆ ಕೂತೆ. ನೀನು ಪ್ರತಿ ಸಲ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಗುಡ್ಡ ಹತ್ತುತ್ತೀ ಎಂದು ಆಗ ಹೊಳೆಯಿತು. ನಾನು ನಿನ್ನನ್ನು ಕಟುಕಿ ಎಂದುಕೊಂಡಿದ್ದೆ ಮಗಾ. ಪೊಟ್ಟಣದಲ್ಲಿ ಬಂದ ತೊಗರಿಬೇಳೆಯಲ್ಲಿ ಸಾರು ಮಾಡಿ ಉಂಡು ಬೆಳೆದ ನಾನು ನನ್ನ ಊಟದ ಬಗ್ಗೆ ಯಾವತ್ತೂ ಅಷ್ಟು ಯೋಚಿಸಿದ್ದಿಲ್ಲ. ತಪ್ಪಾಯಿತು. ಇವತ್ತು ಬೆಳಿಗ್ಗೆ ಅಂಗಡಿಗೆ ಹೋಗಿ ಬೋಲ್ಟ್ ಆಕ್ಷನ್ನೇ ಆರಿಸಿದೆ. ಪ್ರತಿ ಗುಂಡಿಗೂ ಒಮ್ಮೆ ನಿಲ್ಲಬೇಕಾಗುತ್ತದೆ, ಅದಕ್ಕೆ. ಭುಜ ನೋಯಲಿ.

ನಿನ್ನ ಕಾಲಡಿಯ ಕಲ್ಲು ಗಟ್ಟಿಯಾಗಿರಲಿ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಏನು ಊಟ ಎಂದು ನಾನು ಇನ್ನು ಕೇಳುವುದಿಲ್ಲ.

ನಿನ್ನ ಅಪ್ಪ,
ಶಂಭು

ತಾ. ಕ.: ಅಂಗಡಿಯವನು ಹೇಳಿದ್ದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಬಂದೂಕು ಕೊಂಡರೆ ಕೈಗೆ ಸಿಗಲು ಹತ್ತು ದಿನ ಕಾಯಬೇಕಂತೆ, ಅಂದರೆ 27ಕ್ಕೆ. ನಿಮ್ಮ ಕಡೆ ಜಿಂಕೆ ಬೇಟೆಯ ಸೀಸನ್ ಈ ಭಾನುವಾರ, 23ಕ್ಕೇ ಮುಗಿಯುತ್ತದೆ. ಆರು ವಾರ ಹೋಲಿಸುತ್ತಾ ಕೂತವನು ಈ ಒಂದು ಸಾಲು ನೋಡಲಿಲ್ಲ. ಈಗಷ್ಟೇ ಅಮ್ಮನಿಗೆ ಹೇಳಿದೆ. ಅವಳು ತಲೆಗೆ ಕೈ ಹಚ್ಚಿ, 'ಅವಳು ಕರೆದದ್ದು ನಿಮ್ಮನ್ನು. ಬಂದೂಕು ತನ್ನಿ ಅಂತ ಯಾರು ಹೇಳಿದ್ದು?' ಎಂದಳು. ಶನಿವಾರ ಬೆಳಕು ಹರಿಯುವ ಮೊದಲೇ ನಿನ್ನ ಬಾಗಿಲಲ್ಲಿ ಇರುತ್ತೇನೆ, ಬರಿಗೈಯಲ್ಲಿ. ನಿನ್ನ ಹಿಂದೆ ಸದ್ದಿಲ್ಲದೆ ನಡೆಯುತ್ತೇನೆ. ಜಿಂಕೆ ಬಿದ್ದರೆ ಹೊತ್ತು ಇಳಿಸಲು ಇನ್ನೊಬ್ಬರು ಬೇಕಾಗುತ್ತದೆ ಎಂದು ಕೋರ್ಸಿನಲ್ಲಿ ಹೇಳಿದ್ದರು, ನಾನು ಹೊರುತ್ತೇನೆ. ಬೇಡವೆನ್ನುವುದಾದರೂ ಅಮ್ಮನ ಹತ್ತಿರ ಹೇಳಿ ಕಳುಹಿಸಬೇಡ. ಫೋನ್ ಮಾಡಿ ನನಗೇ ಹೇಳು.