ಯಾವ ಶುಕ್ರವಾರ?

ಭಾನುವಾರ, ಮೇ ೧೪
ದೊಡ್ಡಾಸ್ಪತ್ರೆಯ ಎರಡನೇ ಮಹಡಿ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಪ್ಪಾ,

ಕಣ್ಣಿನ ಕಟ್ಟು ಬಿಚ್ಚಿದರಾ? ತುರಿಕೆ ಬಂದರೂ ಕೈ ಹಾಕಬೇಡಿ. ತಂಗಿ ಹೇಳಿದ ಹೊತ್ತಿಗೆ ಔಷಧಿ ಬಿಡಿಸಿಕೊಳ್ಳಿ, ಅವಳ ಮೇಲೆ ರೇಗಬೇಡಿ. ಈ ಕಾಗದವನ್ನು ಅವಳೇ ನಿಮಗೆ ಓದಿ ಹೇಳಬೇಕು. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಹೊರಟೆ, ರಿಂಗಾಗುವ ಮೊದಲೇ ನಿಲ್ಲಿಸಿಬಿಟ್ಟೆ. ನೋಡಿಕೊಂಡು ಹೋಗಲು ಬಂದಿರುವ ನಿಮ್ಮ ಚಿಕ್ಕಳಿಯ ಸಂಜೆಯ ಬಸ್ಸಿಗೆ ಹೊರಡುತ್ತಾರೆ. ಅವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ನಿಮ್ಮ ದೊಡ್ಡಳಿಯ ಉಸಿರಾಡುತ್ತಿದ್ದಾರೆ. ಮೊದಲು ಅದನ್ನೇ ಬರೆಯುತ್ತೇನೆ, ಮಿಕ್ಕದ್ದನ್ನು ನೀವು ಸಮಾಧಾನದಿಂದ ಕೇಳಬಹುದು. ತೊಡೆಯ ಮೂಳೆ ಮುರಿದಿದೆ. ಕೆಸರು ನೀರು ಶ್ವಾಸಕೋಶಕ್ಕೆ ಹೋಗಿದೆ. ಮೂಗಿಗೆ ಮಾಸ್ಕ್ ಹಾಕಿ ಗಾಜಿನ ಬಾಗಿಲ ಆಚೆ ಮಲಗಿಸಿದ್ದಾರೆ. ನಲವತ್ತೆಂಟು ಗಂಟೆ ಕಳೆಯಲಿ ಎಂದಿದ್ದರು, ಈಗ ಐವತ್ತು ದಾಟಿದೆ. ಡಾಕ್ಟರು ಇನ್ನೂ ಬಾಯಿ ಬಿಡುತ್ತಿಲ್ಲ. ಆ ಬಾಗಿಲು ಕಿರ್ರೆಂದಾಗಲೆಲ್ಲ ಎದ್ದು ನಿಲ್ಲುತ್ತೇನೆ.

ಮೊದಲಿನಿಂದ ಹೇಳುತ್ತೇನೆ. ನಮ್ಮ ನೀರು ಸರಬರಾಜು ಕಚೇರಿಯಲ್ಲಿ ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಮೇಲಿನ ಅಣೆಕಟ್ಟಿನವರು ಇಂಗ್ಲಿಷಿನಲ್ಲಿ ಬರೆದ ನೋಟೀಸನ್ನು ಕನ್ನಡಕ್ಕೆ ಮಾಡಿ, ಊರಿನ ಗೋಡೆಗಳಿಗೆ ಅಂಟಿಸುವುದು, ಮೈಕಿನ ಆಟೋದಲ್ಲಿ ಸಾರಿಸುವುದು. ಬುಧವಾರ ಊಟದ ಹೊತ್ತಿಗೆ ಒಂದು ಕಾಗದ ಬಂತು. ನೆಕ್ಸ್ಟ್ ಫ್ರೈಡೇ ಬೆಳಿಗ್ಗೆ ಎಂಟಕ್ಕೆ ಗೇಟು ಎತ್ತುತ್ತೇವೆ, ನದಿಯ ಪಾತ್ರದಲ್ಲಿ ಯಾರೂ ಇರಕೂಡದು ಎಂದು. ತಾರೀಖು ಇರಲಿಲ್ಲ. ನಾನು ‘ಮುಂದಿನ ಶುಕ್ರವಾರ’ ಎಂದು ಬರೆದೆ. ಸಾಹೇಬರು ಸಹಿ ಹಾಕಿದರು. ಸಂಜೆಯೊಳಗೆ ಅರವತ್ತು ಪ್ರತಿ ಗೋಡೆ ಹತ್ತಿದವು.

ಈಗ ನಿಮಗೆ ಸೋದರಮಾವನ ಗಾಡಿ ನೆನಪಾಗಿರಬೇಕು. ನೆಕ್ಸ್ಟ್ ಸಂಡೇ ಮನೆ ಬದಲಾಯಿಸುತ್ತೇವೆ, ಗಾಡಿ ತಾ ಎಂದು ನೀವು ಠೀವಿಯಿಂದ ಇಂಗ್ಲಿಷಿನಲ್ಲಿ ಬರೆದಿರಿ. ನಾವೆಲ್ಲ ಹಾಸಿಗೆ ಸುತ್ತಿಕೊಂಡು ಬೀದಿಯಲ್ಲಿ ಕೂತದ್ದೇ ಬಂತು. ಅವನು ಎಂಟು ದಿನ ಬಿಟ್ಟು ಖಾಲಿ ಮನೆಯ ಮುಂದೆ ಗಾಡಿ ನಿಲ್ಲಿಸಿದ. ನೀವು ನಿಘಂಟು ತೆಗೆದು, ಮೊದಲು ಬರುವುದೇ ನೆಕ್ಸ್ಟ್ ಎಂದು ಬೆರಳಿಟ್ಟು ತೋರಿಸಿದಿರಿ. “ಭಾವ, ಬರೋ ಭಾನುವಾರಕ್ಕೆ ದಿಸ್ ಸಂಡೇ ಅಂತ ಇದೆಯಲ್ಲ, ಮತ್ತೆ ಅದಕ್ಕೇ ಇನ್ನೊಂದು ಹೆಸರು ಯಾಕೆ?” ಎಂದು ಅವನು ಕೇಳಿದ. ಇಬ್ಬರೂ ಒಂದು ತಿಂಗಳು ಮಾತು ಬಿಟ್ಟಿರಿ. ಅಮ್ಮ ಮಾತ್ರ, ಇಬ್ಬರೂ ಸರಿ, ನನ್ನ ಬೆನ್ನುನೋವೊಂದೇ ತಪ್ಪು ಎಂದಳು. ಅವತ್ತು ಎಷ್ಟು ನಕ್ಕಿದ್ದೆವು! ನಮ್ಮ ಮಾತಿನಲ್ಲೂ ಅದೇ ತೊಡಕು ಇದೆ ಅಪ್ಪಾ. ಮುಂದಿನ ಶುಕ್ರವಾರ ಎಂದು ಬುಧವಾರ ಬರೆದರೆ, ನಾಡಿದ್ದು ಬರುವುದೋ, ಅದನ್ನು ದಾಟಿ ಬರುವುದೋ?

ಮನೆಯಲ್ಲಿ ನೋಟೀಸಿನ ಮಾತು ಎತ್ತಿದಾಗ ಇವರು ಎರಡನೆಯ ಅರ್ಥವನ್ನೇ ಹಿಡಿದರು. ಊರಿನ ಕುಡಿಯುವ ನೀರಿಗೆ ನದಿಯ ನಡುವೆ ಬಾವಿ ಇದೆಯಲ್ಲ, ಅದರ ತಳದ ರಿಪೇರಿ ಇವರ ಮೇಸ್ತ್ರಿಕೆಯಲ್ಲೇ ನಡೆಯುತ್ತಿತ್ತು. “ಹಾಗಾದ್ರೆ ಇನ್ನೂ ಒಂಬತ್ತು ದಿನ ಇದೆ. ಬೇಗ ಬೇಗ ಮುಗಿಸಿಬಿಡ್ತೀನಿ ಬಿಡು” ಎಂದರು. ಗುರುವಾರ ಐದು ಜನರನ್ನು ಕರೆದುಕೊಂಡು ಇಪ್ಪತ್ತೈದು ಅಡಿ ಕೆಳಗೆ ಇಳಿದರು. ಶುಕ್ರವಾರವೂ ಇಳಿದರು.

ಶುಕ್ರವಾರ ಬೆಳಿಗ್ಗೆ ಕಚೇರಿಯ ಕಿಟಕಿ ತೆರೆದೆ. ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ದಿನಾ ಆ ಹೊತ್ತಿಗೆ ಅಲ್ಲಿ ಬಟ್ಟೆಗಿಂತ ಬಾಯಿ ಜೋರಾಗಿರುತ್ತದೆ. ಕಸ ಗುಡಿಸುವ ಅಕ್ಕನನ್ನು ಕೇಳಿದೆ. ಅವಳು ಪೊರಕೆ ನಿಲ್ಲಿಸಿ ನನ್ನನ್ನೇ ವಿಚಿತ್ರವಾಗಿ ನೋಡಿದಳು. “ಇವತ್ತು ನೀರು ಬಿಡ್ತಾರಲ್ಲವ್ವ. ನೀವೇ ಬರ್ದಿದ್ದಲ್ವಾ?”

ಕೂಡಲೇ ಅಣೆಕಟ್ಟಿಗೆ ಫೋನ್ ಮಾಡಿದೆ. “ಎಂಟಕ್ಕೇ ಎತ್ತಾಯ್ತು ಮೇಡಂ. ನಿಮ್ಮ ಸೇತುವೆಗೆ ಹತ್ತರ ಸುಮಾರಿಗೆ ಬರುತ್ತೆ” ಎಂದರು. ಆಗ ಒಂಬತ್ತು ಗಂಟೆ. ಬಾವಿ ಇರುವುದು ಸೇತುವೆಗಿಂತ ಎರಡು ಮೈಲಿ ಮೇಲೆ. ಇವರಿಗೆ ಫೋನ್ ಮಾಡಿದೆ, ರಿಂಗಾಯಿತು, ಮತ್ತೆ ಮಾಡಿದೆ, ರಿಂಗಾಯಿತು. ಬಾವಿಗೆ ಇಳಿಯುವಾಗ ಎಲ್ಲರ ಫೋನನ್ನೂ ಬುತ್ತಿಚೀಲಕ್ಕೆ ಹಾಕಿ ದಡದ ಮರಕ್ಕೆ ನೇತುಹಾಕುತ್ತಾರೆ, ಅದು ನನಗೆ ಗೊತ್ತು. ಗೊತ್ತಿದ್ದೂ ದಾರಿಯುದ್ದಕ್ಕೂ ಫೋನ್ ಒತ್ತುತ್ತಲೇ ಇದ್ದೆ.

ಮೈಕಿನ ಆಟೋದವನು ದೇವರ ಹಾಗೆ ಬಾಗಿಲಲ್ಲೇ ಇದ್ದ. ದಡ ಮುಟ್ಟಿದಾಗ ನದಿ ಒಣಗಿಯೇ ಇತ್ತು. ನಡುವೆ ಬಾವಿ, ಪಕ್ಕದಲ್ಲಿ ಗಡಗಡ ಸದ್ದು ಮಾಡುವ ಕಾಂಕ್ರೀಟ್ ಯಂತ್ರ. ಮೈಕು ಹಿಡಿದು ಕಿರುಚಿದೆ. ಯಂತ್ರದ ಬಳಿ ಇದ್ದ ಹೆಂಗಸು ನಾನು ಸುಮ್ಮನೆ ಸಾರುತ್ತಿದ್ದೇನೆಂದುಕೊಂಡು ನಗುತ್ತಾ ಕೈ ಬೀಸಿದಳು. ಚಪ್ಪಲಿ ಬಿಟ್ಟು ಮರಳಿನ ಮೇಲೆ ಓಡಿದೆ, ಆಟೋದವನೂ ಹಿಂದೆಯೇ ಓಡಿ ಬಂದ. ನೀರು ಗೋಡೆಯ ಹಾಗೆ ನುಗ್ಗಿ ಬರುತ್ತದೆ ಎಂದುಕೊಂಡಿದ್ದೆ ಅಪ್ಪಾ. ಅದು ತೆವಳಿಕೊಂಡು ಬಂತು. ತೆಳ್ಳಗೆ, ಕಂದು ಬಣ್ಣಕ್ಕೆ, ತರಗೆಲೆ, ನೊರೆ ತಳ್ಳಿಕೊಂಡು. ಮೊದಲು ಪಾದ, ನಾಲ್ಕು ಮಾತಾಡುವಷ್ಟರಲ್ಲಿ ಮೊಣಕಾಲು.

ನಾನು ಬಾವಿಯೊಳಗೆ ಬಗ್ಗಿ ಕೂಗಿದ್ದೇ ತಡ, ಇವರು ಕೆಳಗಿನಿಂದ ಒಬ್ಬೊಬ್ಬರನ್ನೇ ಏಣಿ ಹತ್ತಿಸಿದರು. “ತಳ್ಳಾಡಬೇಡಿ, ನಿಧಾನ, ನಿಧಾನ” ಎಂಬ ಇವರ ದನಿ ಬಾವಿಯಿಂದ ಬರುತ್ತಲೇ ಇತ್ತು. ನಾಲ್ವರು ಹತ್ತಿ, ಯಂತ್ರದ ಬಳಿಯ ಹೆಂಗಸನ್ನೂ ಕರೆದುಕೊಂಡು, ಕೈ ಕೈ ಹಿಡಿದು ದಡ ಸೇರಿದರು. ಬಾವಿಯ ಕಟ್ಟೆ ದಾಟಿ ನೀರು ಒಳಗೆ ಧುಮುಕಿದಾಗ ಏಣಿ ಜಾರಿತು. ಇವರ ಕಾಲು ಅದರಡಿ ಸಿಕ್ಕಿಕೊಂಡಿತು. ಐದನೆಯವನು, ನಾವು ಗಿಡ್ಡಣ್ಣ ಎನ್ನುತ್ತಿದ್ದ ಮುದುಕ, ಆಗಲೇ ಮೇಲೆ ಬಂದಿದ್ದ. ಹೋಗಬಹುದಿತ್ತು. ಕಟ್ಟೆ ತಬ್ಬಿ ನಿಂತು ಹಗ್ಗ ಬಿಟ್ಟ. ನಾನು, ಅವನು, ಆಟೋದವನು ಎಳೆದೆವು. ಇವರು ಮೇಲೆ ಬಂದರು. ಇವರನ್ನು ಹೊತ್ತು ದಡದತ್ತ ಹೊರಟಾಗ ಗಿಡ್ಡಣ್ಣ ನನ್ನ ಹಿಂದೆಯೇ ಇದ್ದ. ತಿರುಗಿ ನೋಡಿದಾಗ ಇರಲಿಲ್ಲ.

ನಿನ್ನೆ ಮಧ್ಯಾಹ್ನ ಜೊಂಡಿನಲ್ಲಿ ಸಿಕ್ಕಿದ. ಇದೇ ಆಸ್ಪತ್ರೆಗೆ ತಂದಿದ್ದರು. ಅವನ ಹೆಂಡತಿ ಕಾಗದಪತ್ರಕ್ಕೆಂದು ಬಂದವಳು ಇದೇ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಅವಳು ಅಳಲಿಲ್ಲ. ನನ್ನ ಕೈ ಹಿಡಿದು, “ನಿನ್ನ ಗಂಡನಾದ್ರೂ ಉಳೀಲಿ ತಾಯಿ” ಎಂದಳು. ಆ ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ.

ಬೆಳಿಗ್ಗೆ ಎರಡು ನಿಮಿಷ ಒಳಗೆ ಬಿಟ್ಟಿದ್ದರು. ಇವರು ಕಣ್ಣು ತೆರೆದು, ಮಾಸ್ಕಿನೊಳಗಿಂದಲೇ “ಎಲ್ರೂ?” ಎಂದರು. ನಾನು ಹೂಂ ಎಂದುಬಿಟ್ಟೆ.

ಕಚೇರಿಯಲ್ಲಿ ನಾಳೆ ಹನ್ನೊಂದಕ್ಕೆ ವಿಚಾರಣೆ. ಅಣೆಕಟ್ಟಿನವರು ನೆಕ್ಸ್ಟ್ ಎಂದರೆ ಬರುವ ಶುಕ್ರವಾರವೇ ಎನ್ನುತ್ತಾರೆ. ನಮ್ಮವರು ಅದು ಹತ್ತೊಂಬತ್ತನೇ ತಾರೀಖೇ ಎಂದು ಪಟ್ಟು ಹಿಡಿದಿದ್ದಾರೆ. ಒಂದು ಪದವನ್ನು ಆ ಕಡೆಯವರು ಈ ಕಡೆಯವರು ಎಳೆದಾಡುತ್ತಿದ್ದಾರೆ, ಸತ್ತವನ ಹೆಸರನ್ನು ಇನ್ನೂ ಯಾರೂ ಎತ್ತಿಲ್ಲ. ನಿಮ್ಮ ಚಿಕ್ಕಳಿಯ ಚೀಲ ಹೆಗಲಿಗೇರಿಸಿ ನಿಂತಿದ್ದಾರೆ. ತಂಗಿಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸಿ. ನೀವು ದೂರದಿಂದಲೇ ಇವರ ತಲೆಯ ಮೇಲೆ ಕೈಯಿಟ್ಟು ಹರಸಿ ಅಪ್ಪಾ.

ನಿಮ್ಮ
ದೊಡ್ಡವಳು

ಮರೆತೆ: ತಂಗೀ, ಇದನ್ನು ನುಂಗಬೇಡ, ಓದು. ಅಪ್ಪಾ, ನಮ್ಮ ಸಾಹೇಬರು ನಾಳೆ ಬೆಳಿಗ್ಗೆಯೇ ನಿಮಗೆ ಫೋನ್ ಮಾಡುತ್ತಾರೆ. ನೆಕ್ಸ್ಟ್ ಅಂದರೆ ಒಂದು ವಾರ ಬಿಟ್ಟು ಬರುವುದು ಎಂದು ಇಂಗ್ಲಿಷ್ ಮೇಷ್ಟ್ರಾಗಿ ನೀವು ಒಂದು ಕಾಗದ ಕೊಟ್ಟರೆ ನಿಮ್ಮ ಮಗಳ ಕೆಲಸ ಉಳಿಯುತ್ತೆ ಅನ್ನುತ್ತಾರೆ. ಕೊಡಬೇಡಿ. ಬುಧವಾರವೇ ನನಗೆ ಅನುಮಾನ ಬಂದಿತ್ತು. ಯಾವ ಶುಕ್ರವಾರ ಎಂದು ಅಣೆಕಟ್ಟಿನವರನ್ನು ಕೇಳಲು ಫೋನ್ ಎತ್ತಿದ್ದೆ. ಮೇಷ್ಟ್ರ ಮಗಳಿಗೆ ಇಷ್ಟೂ ಗೊತ್ತಿಲ್ವಾ ಎಂದು ನಕ್ಕಾರು ಎಂದು ಇಟ್ಟುಬಿಟ್ಟೆ. ಇದು ಯಾರಿಗೂ ಗೊತ್ತಿಲ್ಲ. ನಾಳೆ ಹೇಳುತ್ತೇನೆ. ಹೇಳುವ ಮೊದಲು ಗಿಡ್ಡಣ್ಣನ ಮನೆಗೆ ಹೋಗಬೇಕು. ಅಪ್ಪಾ, ನನಗೆ ತುಂಬಾ ಭಯವಾಗುತ್ತಿದೆ.