ಗೋಪಿಯ ಬಲಗಿವಿ

ಟಿ.ಬಿ. ಡ್ಯಾಂ, ಹೊಸಪೇಟೆ
೧೮-೨-೧೯೯೬

ತಿರುಮಲರಾಯರಿಗೆ ಇಂದಿರಾಬಾಯಿಯ ನಮಸ್ಕಾರಗಳು.

‘ಪ್ರೀತಿಯ’ ಎಂದು ಬರೆಯಹೋದೆ, ಕೈ ಒಪ್ಪಲಿಲ್ಲ. ‘ಕ್ಲಬ್ಬಿನಲ್ಲಿ ಗಂಡನ ಮರ್ಯಾದೆ ತೆಗೆದೆ, ಈಗ ನೀನೇ ಹೋಗಿ ತಪ್ಪು ತಿಳಿದಿದ್ದೆನೆಂದು ಎಲ್ಲರಿಗೂ ಹೇಳು’ ಎಂದು ಕಂಪ್ಲಿಯ ನಿಮ್ಮ ಅಕ್ಕನ ಮನೆಯಿಂದ ಬರೆದಿದ್ದೀರಿ. ನನಗೆ ಯಾರು ಕಿವಿ ತುಂಬಿದರೆಂದೂ ಕೇಳಿದ್ದೀರಿ. ಹೇಳುತ್ತೇನೆ.

ನಮ್ಮ ಶಾಲೆಯ ಟೀಚರುಗಳ ಜೊತೆ ನಾನು ಲಕ್ಷದ್ವೀಪಕ್ಕೆ ಹೊರಟಾಗ ನೀವು ನಕ್ಕಿರಿ. “ಕಾಲುವ್ಯಾಗ ಈಜಿದಾಕಿಗೆ ಸಮುದ್ರ ಯಾಕ? ನಿನ್ನ ತಮ್ಮನ ಹಂಗ ಅಂಜಿ ಒದ್ದಾಡಬ್ಯಾಡ ಮತ್ತ” ಅಂದಿರಿ.

ನಾನು ಅಂಜಲಿಲ್ಲ. ಡೈವಿಂಗ್ ಕಲಿಸುವ ಕೋಯಾ ತೀರದ ತಿಳಿನೀರಿನಲ್ಲಿ ಉಸಿರಾಟ ರೂಢಿ ಮಾಡಿಸಿ, ಬೆನ್ನಿಗೆ ಸಿಲಿಂಡರ್ ಕಟ್ಟಿ ಸಮುದ್ರಕ್ಕಿಳಿಸಿದ. ಸ್ವಲ್ಪ ಹೊತ್ತಿಗೆ ಆ ನೀಲಿಯೊಳಗಿಂದ ಮೈತುಂಬ ಬಿಳಿ ಚುಕ್ಕೆಯ ಮೀನೊಂದು ಬಂತು. ನಮ್ಮ ಸಂಡೂರು ಬಸ್ಸಿನಷ್ಟು ಉದ್ದ. ಬಾಯಿ ಅಗಲವಾಗಿ ತೆರೆದಿತ್ತು, ಆದರೆ ಕಚ್ಚುವ ಜಾತಿಯಲ್ಲ. ಸಣ್ಣ ಕಣ್ಣಿನಿಂದ ನನ್ನನ್ನು ನೋಡಿ, ಮೆಲ್ಲಗೆ ದಾಟಿಹೋಯಿತು. ನೀವು ಬೆನ್ನು ಸವರಿದೆನೆಂದು ಹೇಳುತ್ತಿದ್ದ ಅದೇ ಮೀನು.

ದೋಣಿ ಹತ್ತಿದ ಮೇಲೆ ಕೋಯಾ ನನ್ನ ಊರು ಕೇಳಿದ. ಹೊಸಪೇಟೆ ಅಂದೆ. ಅವನ ಮುಖ ಅರಳಿತು. ಗೋಪಿ ಸಾಹೇಬರ ಕಿವಿ ವಾಸಿಯಾಯಿತೇ ಎಂದು ಹರಕುಮುರುಕು ಹಿಂದಿಯಲ್ಲಿ ವಿಚಾರಿಸಿದ. ನಾನು ಗೋಪಿಯ ಅಕ್ಕ ಅನ್ನಲಿಲ್ಲ, ನಿಮ್ಮ ಹೆಂಡತಿ ಎಂದೂ ಅನ್ನಲಿಲ್ಲ. ಕಿವಿಗೆ ಏನಾಗಿತ್ತು ಎಂದು ಕೇಳಿದೆ.

ನಾಲ್ಕು ವರ್ಷದ ಹಿಂದೆ ಗೋಪಿಯೂ ನೀವೂ ಅಲ್ಲಿಗೆ ಹೋದಾಗ ಆ ಮೀನು ಹತ್ತಿರ ಬಂತಂತೆ. ಜೊತೆಗಿದ್ದ ಇಂಜಿನಿಯರ್ ಸಾಹೇಬರು ಗಾಬರಿಯಾಗಿ ತಮ್ಮ ಉಸಿರಿನ ನಳಿಗೆ ಬಿಟ್ಟು, ಗೋಪಿಯ ಬಾಯಿಂದ ಅವನದನ್ನು ಕಿತ್ತುಕೊಂಡರಂತೆ. ಗೋಪಿ ಗಾಳಿಯಿಲ್ಲದೆಯೇ ಅವರನ್ನು ತಬ್ಬಿ ಮೇಲಕ್ಕೆ ತಂದನಂತೆ. ಆ ಅವಸರದಲ್ಲಿ ಅವನ ಬಲಗಿವಿಯಿಂದ ರಕ್ತ ಸುರಿಯಿತಂತೆ.

ಊರಿಗೆ ಬಂದು ನೀವು ಹೇಳಿದ ಕಥೆಯೇ ಬೇರೆ. ಅಂಜಿದ್ದು ಗೋಪಿ, ಉಳಿಸಿದ್ದು ನೀವು! ಪ್ರತಿ ವರ್ಷ ಕ್ಲಬ್ಬಿನಲ್ಲಿ ಆ ಪ್ರವಾಸದ ಸ್ಲೈಡ್ ತೋರಿಸುವಾಗ ಹಿಂದಿನ ಸಾಲಿನಲ್ಲಿದ್ದ ಅವನನ್ನು ಎಬ್ಬಿಸಿ “ನಮ್ಮ ಶೂರನ್ನ ನೋಡ್ರಿ” ಅಂದು ನಗಿಸಿದಿರಿ. ಕಿವುಡ, ಪುಕ್ಕಲ ಎಂದು ಮಲಪನಗುಡಿಯ ಹೆಣ್ಣಿನವರು ಸಂಬಂಧ ಮುರಿದರು. ಆಗಲೂ ನಿಮ್ಮ ಬಾಯಿಂದ ಸತ್ಯ ಹೊರಡಲಿಲ್ಲ.

ಊರಿಗೆ ಬಂದವಳೇ ಗೋಪಿಯನ್ನು ಹಿಡಿದು ಕೇಳಿದೆ. “ಇಷ್ಟು ದಿನ ಯಾಕ ಹೇಳಲಿಲ್ಲೋ?”

“ಭಾವ ಸಣ್ಣವರಾದ್ರ ನೀನೂ ಸಣ್ಣಾಕಿ ಆಗ್ತಿದ್ದಿ ಅಕ್ಕಾ. ಹೋಗ್ಲಿ ಬಿಡು.”

ನಾನು ಬಿಡಲಿಲ್ಲ. ಮನೆಯಲ್ಲಿ ಜಗಳವಾಡಿದ್ದರೆ ಅದು ನಾಲ್ಕು ಗೋಡೆಯೊಳಗೇ ಮುಗಿಯುತ್ತಿತ್ತು. ಕ್ಲಬ್ಬಿನ ಕಾರ್ಯಕ್ರಮಕ್ಕಾಗಿ ಕಾದೆ. ಅಂದು ನಿಮ್ಮ ಷರಟಿಗೆ ಇಸ್ತ್ರಿ ಹಾಕಿದವಳೂ ನಾನೇ. ನೀವು ಗೋಪಿಯನ್ನು ಎಬ್ಬಿಸಿದಾಗ ನಾನೂ ಎದ್ದೆ.

“ರೀ, ನೀರಾಗ ಯಾರ ನಳಿಗಿ ಯಾರು ಕಸಗೊಂಡ್ರು? ನೀವು ಹೇಳ್ತೀರೋ, ನಾ ಹೇಳ್ಲೋ?”

ನೀವು ಅದನ್ನು ಸುಳ್ಳು ಅನ್ನಬಹುದಿತ್ತು. ಪ್ರೊಜೆಕ್ಟರಿನ ಬೆಳಕಿನಲ್ಲಿ ಬಿಳಿಚಿಕೊಂಡು ನಿಂತಿರಿ. ನಾನೇ ಹೇಳಿದೆ. ನೀವು ಬಾಗಿಲಿಗೆ ನಡೆದಾಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ನನಗೆ ಹಿತವೆನಿಸಿತು. ಈಗಲೂ ಹಿತವಾಗಿಯೇ ಇದೆ.

ಆದ್ದರಿಂದ ಯಾರೆದುರೂ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕ್ವಾರ್ಟರ್ಸ್ ನಿಮ್ಮದು, ಬಂದು ಇರಿ. ನಾನು ಇವತ್ತೇ ಗೋಪಿಯ ಮನೆಗೆ ಹೋಗುತ್ತಿದ್ದೇನೆ. ಕ್ಲಬ್ಬಿನವರೆಲ್ಲ ಅಕ್ಕಪಕ್ಕದಲ್ಲೇ ಇದ್ದಾರೆ; ದಿನಾ ಅವರ ಮುಖ ನೋಡಿಕೊಂಡು ಬಾಳಿರಿ.

ಇತಿ,
ಗೋಪೀನಾಥನ ಅಕ್ಕ,
ಇಂದಿರಾ

ತಾ.ಕ.: ನಿಮ್ಮನ್ನು ಸಮಾಧಾನ ಮಾಡಿ ಕರೆತರುತ್ತೇನೆಂದು ಗೋಪಿ ನಿನ್ನೆ ಕಂಪ್ಲಿ ಬಸ್ಸಿಗೆ ಹೊರಟಿದ್ದ. ಭಾವನ ಮೇಲೆ ತನಗೇನೂ ಸಿಟ್ಟಿಲ್ಲವಂತೆ. ನೀವು ಕಂಪ್ಲಿ ಬಿಟ್ಟಿದ್ದೀರಿ, ಎಲ್ಲಿದ್ದೀರೋ ಗೊತ್ತಿಲ್ಲ ಎಂದು ಸುಳ್ಳು ಹೇಳಿ ನಿಲ್ಲಿಸಿದೆ. ಅವನ ಕ್ಷಮೆ ನಿಮ್ಮ ತನಕ ಬರಲು ನಾನು ಬಿಡುವುದಿಲ್ಲ.